ಪಂಡಿತಾ ರಮಾಬಾಯಿ: ಪಾಪದ ಭಾರ ಮತ್ತು ಕ್ಷಮೆಯ ಬಾಳು

ಸಹ್ಯಾದ್ರಿಯ ಗಂಗಾಮೂಲದಲ್ಲಿ ಉದಿಸುವ ತುಂಗೆಯೂ ಭದ್ರೆಯೂ ಕೂಡಿ ಒಂದಾಗಿ, ಕನ್ನಡನಾಡಿನ ಬಯಲನ್ನು ಹಾಯ್ದು, ಗದ್ವಾಲ ಆಲಂಪುರಗಳ ಸೀಮೆಯ ದಕ್ಷಿಣದ ಅಂಚನ್ನು ತೊಳೆದು ಕೃಷ್ಣೆಯನ್ನು ಸೇರುತ್ತವೆ. ಪುಣೆಯ ಕಡೆಯಿಂದ ಹರಿದುಬರುವ ಭೀಮೆಯು ನಮ್ಮ ಮಕ್ತಲ್ ಸೀಮೆಯ ಪಶ್ಚಿಮದಲ್ಲಿ ಅದೇ ಕೃಷ್ಣೆಯಲ್ಲಿ ಲೀನವಾಗುತ್ತದೆ. ಆ ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ಭೀಮೆಯ ಬಯಲಿನಲ್ಲಿ ತಮ್ಮ ಬಾಳಿನ ಮಹತ್ಕಾರ್ಯವನ್ನು ನಡೆಸಿ, ನಡುವೆ ಒಮ್ಮೆ ನಮ್ಮ ನೆರೆಯ ರಾಯಚೂರಿನಲ್ಲಿ ಹಸಿವಿನಿಂದ ಕಂಗೆಟ್ಟು ಅನ್ಯರ ಮನೆಯ ಬಾಗಿಲಲ್ಲಿ ಕಣ್ಣೀರಿಡುತ್ತ ನಿಂತಿದ್ದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ವಾರ್ಷಿಕ ಸಂಚಿಕೆಯ ವಾಚಕರ ಮುಂದೆ ಇಡುವುದು ಉಚಿತವೆಂದು ತೋರಿತು. ಆಕೆಯೇ ಪಂಡಿತಾ ರಮಾಬಾಯಿ.

ರಮಾಬಾಯಿಯವರನ್ನು ಸಂಸ್ಕೃತ ವಿದುಷಿಯೆಂದೂ ವಿಧವೆಯರ ಬಂಧುವೆಂದೂ ನಾಡು ಬಲ್ಲದು. ಆದರೆ ಆ ವಿದ್ಯೆಗೂ ಆ ಸೇವೆಗೂ ಒಳಗೆ ಹರಿಯುತ್ತಿದ್ದ ಪ್ರಶ್ನೆ ಒಂದೇ. ಮನುಷ್ಯನು ಮಾಡಿದ ತಪ್ಪಿನ ಭಾರವನ್ನು ಇಳಿಸುವವರು ಯಾರು? ಅದು ಪುಣ್ಯದ ಲೆಕ್ಕದಿಂದ ತೀರುವ ಸಾಲವೇ, ಅಥವಾ ಮನ್ನಿಸುವವನೊಬ್ಬನು ಮನ್ನಿಸಿದಾಗ ಮಾತ್ರ ತೀರುವ ಸಾಲವೇ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಆಕೆ ಭರತಖಂಡವನ್ನೆಲ್ಲ ಕಾಲ್ನಡಿಗೆಯಿಂದ ಸುತ್ತಿದರು, ಸಮುದ್ರವನ್ನು ದಾಟಿದರು, ಧರ್ಮವನ್ನೇ ಬದಲಿಸಿದರು. ಬದಲಿಸಿದ ಮೇಲೆಯೂ ಉತ್ತರ ದೊರಕಲು ಎಂಟು ವರ್ಷಗಳು ಬೇಕಾದವು. ಈ ಕೊನೆಯ ಸಂಗತಿಯೇ ಅವರ ಜೀವನದಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದುದು.

ಜನನ ಮತ್ತು ಸಂಚಾರ

ತಂದೆ ಅನಂತಶಾಸ್ತ್ರಿ ಡೋಂಗ್ರೆ ಅವರು ಕಾರ್ಕಳದ ಸಮೀಪದ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಶಾಸ್ತ್ರಾಧ್ಯಯನ ಮಾಡುತ್ತಿದ್ದಾಗ ಪೇಶ್ವೆಯ ಅಂತಃಪುರದಲ್ಲಿ ಸ್ತ್ರೀಯೊಬ್ಬರು ಸಂಸ್ಕೃತ ಕಲಿಯುವುದನ್ನು ಅವರು ಕಂಡಿದ್ದರು. ತಮ್ಮ ಪತ್ನಿಗೂ ಹಾಗೆಯೇ ವಿದ್ಯೆಯನ್ನು ಕಲಿಸಬೇಕೆಂಬ ಸಂಕಲ್ಪ ಅಂದೇ ಅವರಲ್ಲಿ ಮೂಡಿತು. ಮಗುವಿನಂತಿದ್ದ ಲಕ್ಷ್ಮೀಬಾಯಿಯನ್ನು ಗೋದಾವರಿಯ ತೀರದಲ್ಲಿ ವಿವಾಹವಾಗಿ ಕರೆತಂದು ಸಂಸ್ಕೃತ ಪಾಠವನ್ನು ಆರಂಭಿಸಿದಾಗ ಬಂಧುಗಳು ವಿರೋಧಿಸಿದರು. ಉಡುಪಿಯ ವಿದ್ವಾಂಸರ ಎದುರಿನಲ್ಲಿ ಶಾಸ್ತ್ರಪ್ರಮಾಣಗಳಿಂದ ತಮ್ಮ ನಡೆಯನ್ನು ಸಮರ್ಥಿಸಿಕೊಂಡ ಶಾಸ್ತ್ರಿಗಳು ಪತ್ನಿಯೊಡನೆ ಗಂಗಾಮೂಲದ ಅರಣ್ಯಕ್ಕೆ ಹೋಗಿ ಮನೆಕಟ್ಟಿ ನೆಲೆಸಿದರು. ಅಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು.

ಅತಿಥಿಗಳಿಗೂ ವಿದ್ಯಾರ್ಥಿಗಳಿಗೂ ಅನ್ನವಿಕ್ಕುತ್ತ ಶಾಸ್ತ್ರಿಗಳ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬವು ಮನೆಯನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಹಸುಳೆಯನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಆ ಸಂಸಾರ ಕಾಡನ್ನು ಇಳಿಯಿತು. ಅಲ್ಲಿಂದ ಮುಂದೆ ಊರೂರು ತಿರುಗಿ ದೇವಾಲಯಗಳಲ್ಲಿ ಪುರಾಣ ಹೇಳುವುದೇ ಜೀವನೋಪಾಯವಾಯಿತು. ತಂದೆಗೆ ದೃಷ್ಟಿ ಮಂದವಾದುದರಿಂದ ತಾಯಿಯೇ ಮಗಳಿಗೆ ಗುರುವಾದಳು. ಬಾಲಕಿಯು ಭಾಗವತದ ಶ್ಲೋಕಗಳನ್ನು ಸಾವಿರಗಟ್ಟಲೆ ಕಂಠಪಾಠ ಮಾಡಿದಳು. ಮನೆಯ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ, ಹೀಗೆ ದಾರಿಯ ಭಾಷೆಗಳೆಲ್ಲ ಅವಳ ನಾಲಗೆಗೆ ಬಂದವು.

ಆ ಕುಟುಂಬದ ಯಾತ್ರೆಗೆ ಒಂದು ಉದ್ದೇಶವಿತ್ತು. ತೀರ್ಥಸ್ನಾನ, ದೇವದರ್ಶನ, ವ್ರತೋಪವಾಸ, ಬ್ರಾಹ್ಮಣರಿಗೆ ದಾನ, ಇವುಗಳಿಂದ ಪಾಪ ಕ್ಷಯವಾಗಿ ಪುಣ್ಯ ಸಂಚಯವಾಗುವುದೆಂದು ಅವರು ದೃಢವಾಗಿ ನಂಬಿದ್ದರು. ಕೈಯಲ್ಲಿದ್ದ ಹಣವೆಲ್ಲ ದಾನಕ್ಕೆ ಹೋಯಿತು. ಆ ಶ್ರದ್ಧೆಯಲ್ಲಿ ಕಪಟವಿರಲಿಲ್ಲ. ಮಗಳು ಮುಂದೆ ಬೇರೆ ದಾರಿಯನ್ನು ಹಿಡಿದರೂ ತಂದೆತಾಯಿಗಳ ಶ್ರದ್ಧೆಯನ್ನು ಗೌರವದಿಂದಲೇ ಸ್ಮರಿಸಿದರು.

ರಾಯಚೂರಿನ ಬಾಗಿಲು

ದಕ್ಷಿಣದಲ್ಲಿ ಬರಗಾಲ ತಲೆದೋರಿತು. ಪುರಾಣ ಕೇಳುವವರೂ ಇಲ್ಲ, ಅಕ್ಕಿ ಹಾಕುವವರೂ ಇಲ್ಲ. ಪಾತ್ರೆ ಪದಾರ್ಥಗಳೂ ಒಡವೆ ವಸ್ತ್ರಗಳೂ ಮಾರಿಹೋದ ಮೇಲೆ, ತಮ್ಮವರ ಕಣ್ಣಿಗೆ ಬಿದ್ದು ಬದುಕುವುದಕ್ಕಿಂತ ಅರಣ್ಯದಲ್ಲಿ ಸಾಯುವುದು ಲೇಸೆಂದು ಬಗೆದು ಆ ಸಂಸಾರ ತಿರುಪತಿಯ ಕಾಡನ್ನು ಹೊಕ್ಕಿತು. ಎಲೆ, ನೀರು, ಈಚಲ ಹಣ್ಣುಗಳಲ್ಲಿ ದಿನಗಳನ್ನು ಕಳೆಯಿತು. ವೃದ್ಧರಾದ ಶಾಸ್ತ್ರಿಗಳು ಮಗಳನ್ನು ಹತ್ತಿರಕ್ಕೆ ಕರೆದು, ಧರ್ಮವನ್ನು ಬಿಡದೆ ಮಾನವಾಗಿ ಬಾಳಬೇಕೆಂದು ಕೊನೆಯ ಬುದ್ಧಿವಾದ ಹೇಳಿ, ಕೆಲ ದಿನಗಳಲ್ಲೇ ಕಣ್ಮುಚ್ಚಿದರು. ಉಳಿದವರು ಬಡಕಲು ದೇಹಗಳನ್ನು ಎಳೆದುಕೊಂಡು ಉತ್ತರಕ್ಕೆ ನಡೆದು ನಿಜಾಮರ ಸೀಮೆಯ ರಾಯಚೂರನ್ನು ಸೇರಿದರು.

ಅಲ್ಲಿ ತಾಯಿ ಜ್ವರದಿಂದ ಮಲಗಿದಳು. ಅಣ್ಣ ಶ್ರೀನಿವಾಸನಿಗೆ ದುಡಿಯುವ ಶಕ್ತಿಯಿರಲಿಲ್ಲ. ಬೇಡಲು ಯಾರಿಗೂ ನಾಲಗೆ ಏಳಲಿಲ್ಲ. ತಾಯಿಯ ಸಂಕಟವನ್ನು ನೋಡಲಾರದೆ ಹರೆಯದ ಹುಡುಗಿ ನೆರೆಯ ಬ್ರಾಹ್ಮಣರ ಮನೆಯ ಬಾಗಿಲಿಗೆ ಹೋಗಿ ನಿಂತಳು. ನಿಂತಳೇ ಹೊರತು ಕೇಳಲಾಗಲಿಲ್ಲ. ಭಾಗವತವನ್ನು ಬಾಯಿಪಾಠ ಒಪ್ಪಿಸುತ್ತಿದ್ದವಳಿಗೆ ಒಂದು ತುಂಡು ಸಜ್ಜೆಯ ರೊಟ್ಟಿಗಾಗಿ ಮಾತು ಹೊರಡಲಿಲ್ಲ. ಕಣ್ಣೀರೊಂದೇ ಹರಿಯಿತು. ಮನೆಯಾಕೆ ದಯಾವಂತೆ, ತಾನಾಗಿಯೇ ವಿಚಾರಿಸಿ ರೊಟ್ಟಿ ಕೊಟ್ಟಳು. ರೊಟ್ಟಿ ದೊರಕಿತು, ತಾಯಿ ಉಳಿಯಲಿಲ್ಲ. ಹೆಣ ಹೊರಲು ನಾಲ್ವರು ಸಿಗುವುದೇ ದುರ್ಲಭವಾಯಿತು. ಇಬ್ಬರು ಬ್ರಾಹ್ಮಣರು ಕನಿಕರಿಸಿ ಬಂದರು. ಅಣ್ಣನು ಮೂರನೆಯವನು. ನಾಲ್ಕನೆಯ ಹೆಗಲು ಮಗಳದಾಯಿತು. ಕುಳ್ಳಗಿದ್ದುದರಿಂದ ಹೆಗಲಿಗೆ ನಿಲುಕದೆ ಚಟ್ಟದ ಕೊನೆಯನ್ನು ಆಕೆ ತಲೆಯ ಮೇಲೆ ಹೊತ್ತು ದೂರದ ಸ್ಮಶಾನದವರೆಗೆ ನಡೆದಳು. ಆಕೆಗೆ ಆಗ ಸುಮಾರು ಹದಿನಾರು ವಯಸ್ಸು. ಸ್ವಲ್ಪ ಕಾಲದಲ್ಲಿ ಅಕ್ಕನೂ ಕಾಲರಾ ಬೇನೆಗೆ ತುತ್ತಾದಳು.

ಕೃಷ್ಣೆಯ ಆಚೆಯ ದಡದ ನೆಂಟರೂರಾದ ರಾಯಚೂರಿಗೆ ನಮ್ಮವರು ಸಂತೆಗೂ ಮದುವೆಗೂ ಹೋಗಿಬರುವರು. ಅಲ್ಲಿನ ಯಾವುದೋ ಓಣಿಯಲ್ಲಿ ಈ ದುಃಖ ನಡೆದುಹೋಯಿತೆಂಬುದು ಬಹುಜನರಿಗೆ ತಿಳಿಯದು. ಆ ಬಾಗಿಲನ್ನು ರಮಾಬಾಯಿ ಎಂದೂ ಮರೆಯಲಿಲ್ಲ.

ಕೀರ್ತಿ ಮತ್ತು ವಿಯೋಗ

ಅಣ್ಣತಂಗಿಯರಿಬ್ಬರೇ ಉಳಿದು ಮತ್ತೆ ನಡೆದರು. ಕಾಶ್ಮೀರದವರೆಗೂ ಅಲೆದು 1878ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಕನ್ಯೆಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ ಎಂಬ ಬಿರುದನ್ನೂ ಸರಸ್ವತೀ ಎಂಬ ಬಿರುದನ್ನೂ ಕೊಟ್ಟರು. ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಮಾಡಲೆಂದು ಧರ್ಮಶಾಸ್ತ್ರಗಳನ್ನು ಆಳವಾಗಿ ಓದಿದಾಗ ಆಕೆಯ ಮನಸ್ಸಿನಲ್ಲಿ ಅಶಾಂತಿ ಹುಟ್ಟಿತು. ಸ್ತ್ರೀಗೂ ಶೂದ್ರನಿಗೂ ಮೋಕ್ಷದ ದಾರಿ ಅಲ್ಲಿ ಬಹಳ ಇಕ್ಕಟ್ಟಾಗಿ ಆಕೆಗೆ ಕಂಡಿತು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಅನ್ಯಜಾತಿಯವರಾದ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸರನ್ನು ಆಕೆ ಕಾಯಿದೆಯ ಪ್ರಕಾರ ವಿವಾಹವಾದರು. 1881ರಲ್ಲಿ ಮನೋರಮೆ ಜನಿಸಿದಳು. 1882ರಲ್ಲಿ ಪತಿಯೂ ಕಾಲರಾ ಬೇನೆಯಿಂದ ಮೃತರಾದರು. ಇಪ್ಪತ್ತಮೂರರ ಪ್ರಾಯದ ವಿಧವೆ, ಕಂಕುಳಲ್ಲಿ ಹಸುಗೂಸು, ಇದು ಆಗಿನ ರಮಾಬಾಯಿಯವರ ಚಿತ್ರ.

ಪತಿಯ ಮನೆಯಲ್ಲಿದ್ದಾಗ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಪ್ರತಿ ಆಕೆಯ ಕೈಗೆ ಬಿದ್ದಿತ್ತು. ಕಳೆದುಹೋದ ಕುರಿಯನ್ನು ಅರಸಿ ಹೋಗುವ ಕುರುಬನ ಸಾಮ್ಯವೂ, ಆಸ್ತಿಯನ್ನು ಹಾಳುಮಾಡಿಕೊಂಡು ಹಿಂದಿರುಗಿದ ಮಗನನ್ನು ತಂದೆಯು ಓಡಿಬಂದು ಅಪ್ಪಿಕೊಳ್ಳುವ ಸಾಮ್ಯವೂ ಬರುವುದು ಆ ಸುವಾರ್ತೆಯಲ್ಲಿಯೇ. ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಸ್ತ್ರೀಯರಿಗೆ ವೈದ್ಯಶಿಕ್ಷಣ ಬೇಕೆಂದು ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಟ್ಟು, ಮರುವರ್ಷ ಹೆಚ್ಚಿನ ಶಿಕ್ಷಣಕ್ಕಾಗಿ ಆಕೆ ಮಗಳೊಡನೆ ಇಂಗ್ಲೆಂಡಿಗೆ ಹೊರಟರು.

ಫುಲಮ್ಮಿನಲ್ಲಿ ಕಂಡುದು

ಇಂಗ್ಲೆಂಡಿನಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಆಕೆಗೆ ಆಶ್ರಯ ದೊರಕಿತು. ಆ ಸಹೋದರಿಯರು ಲಂಡನ್ನಿನ ಫುಲಮ್ ಎಂಬಲ್ಲಿ ದಾರಿತಪ್ಪಿದ ಸ್ತ್ರೀಯರಿಗಾಗಿ ಒಂದು ಆಶ್ರಮವನ್ನು ನಡೆಸುತ್ತಿದ್ದರು. ರಮಾಬಾಯಿ ಅದನ್ನು ನೋಡಲು ಹೋದರು. ಸಮಾಜವು ಮುಖ ನೋಡಲು ಹೇಸುವ ಹೆಂಗಸರನ್ನು ಕುಲೀನ ಮನೆತನದ ಸ್ತ್ರೀಯರು ಮುಟ್ಟಿ ಉಪಚರಿಸುವುದನ್ನೂ, ಹಾಗೆ ಉದ್ಧಾರವಾದ ಕೆಲವರು ತಾವೇ ಇತರರ ಸೇವೆಗೆ ನಿಂತಿರುವುದನ್ನೂ ಕಂಡು ಆಶ್ಚರ್ಯಪಟ್ಟರು. ಇಂತಹವರ ಮೇಲೆ ಇಷ್ಟು ಮಮತೆ ಏತಕ್ಕೆಂದು ಕೇಳಿದಾಗ ಒಬ್ಬ ಸಹೋದರಿ ಯೋಹಾನನ ಸುವಾರ್ತೆಯ ಸಮಾರ್ಯದ ಸ್ತ್ರೀಯ ಕಥೆಯನ್ನು ತೆರೆದು ವಿವರಿಸಿದಳು. ಐವರು ಗಂಡಂದಿರನ್ನು ಕಂಡು, ಗಂಡನಲ್ಲದವನೊಡನೆ ಬಾಳುತ್ತಿದ್ದ ಅನ್ಯಕುಲದ ಆ ಹೆಂಗಸಿನಿಂದ ಯೇಸು ಬಾವಿಕಟ್ಟೆಯಲ್ಲಿ ನೀರು ಬೇಡಿದನು. ಅವಳ ತಪ್ಪನ್ನು ಮುಚ್ಚಿಡದೆ ಎತ್ತಿ ಆಡಿದನು. ಆದರೂ ಅವಳನ್ನು ದೂರ ಮಾಡಲಿಲ್ಲ.

ಈ ಕಥೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇವೆ. ತಪ್ಪನ್ನು ತಪ್ಪೆಂದೇ ಕರೆಯುವುದು ಒಂದು. ತಪ್ಪಿತಸ್ಥಳನ್ನು ಕೈಬಿಡದಿರುವುದು ಮತ್ತೊಂದು. ಲೋಕದಲ್ಲಿ ಸಾಮಾನ್ಯವಾಗಿ ಇವೆರಡೂ ಬೇರೆ ಬೇರೆಯಾಗಿಯೇ ಕಾಣಬರುತ್ತವೆ. ನಿಷ್ಠುರರು ತಪ್ಪನ್ನು ಹೆಸರಿಸಿ ಮನುಷ್ಯನನ್ನು ಹೊರಹಾಕುತ್ತಾರೆ. ಮೆದುಮನಸ್ಸಿನವರು ಮನುಷ್ಯನನ್ನು ಉಳಿಸಿಕೊಳ್ಳಲು ತಪ್ಪನ್ನೇ ಅಲ್ಲಗಳೆಯುತ್ತಾರೆ. ಎರಡನ್ನೂ ಒಬ್ಬನಲ್ಲೇ ಕಂಡ ರಮಾಬಾಯಿಯವರ ಹೃದಯ ಯೇಸುವಿನ ಕಡೆಗೆ ತಿರುಗಿತು. ಜೊತೆಗೆ ಬಂದಿದ್ದ ಗೆಳತಿಯ ದಾರುಣ ಮರಣದ ನೋವೂ ಅದೇ ಕಾಲದಲ್ಲಿ ಆಕೆಯನ್ನು ತಟ್ಟಿತ್ತು. 1883ರ ಸೆಪ್ಟೆಂಬರ್ 29ರಂದು ಆಕೆ ಮಗಳೊಡನೆ ದೀಕ್ಷಾಸ್ನಾನ ಹೊಂದಿದರು.

ಸ್ವದೇಶದಲ್ಲಿ ಕೋಲಾಹಲವೆದ್ದಿತು. ಅತ್ತ ವಿದೇಶದ ಗುರುಗಳಿಗೂ ಆಕೆ ಸುಲಭವಾಗಿ ಒಲಿಯಲಿಲ್ಲ. ತನ್ನ ವಿವೇಕಕ್ಕೆ ಒಪ್ಪದ ತತ್ತ್ವವನ್ನು ಅಧಿಕಾರದ ಮಾತಿಗೆ ತಲೆಬಾಗಿ ಒಪ್ಪುವವರು ಆಕೆಯಲ್ಲ. ತನ್ನ ಧರ್ಮಮಾತೆಯಾದ ಸಿಸ್ಟರ್ ಜೆರಾಲ್ಡೀನರೊಡನೆ ಪತ್ರಗಳಲ್ಲಿ ತೀಕ್ಷ್ಣವಾದ ವಾದಗಳೇ ನಡೆದವು. ಅಷ್ಟು ಜಗಳವಾಡಿದ ಶಿಷ್ಯೆಯ ಪತ್ರಗಳನ್ನು ಆ ಸಹೋದರಿ ವಾತ್ಸಲ್ಯದಿಂದ ಕಾಪಾಡಿ ಜೋಡಿಸಿಟ್ಟರು. ಅವು 1977ರಲ್ಲಿ ಗ್ರಂಥರೂಪವಾಗಿ ಪ್ರಕಟವಾದವು.

ಶಾರದಾ ಸದನ ಮತ್ತು ಅಪವಾದ

1886ರಲ್ಲಿ ಬಂಧುವಾದ ಆನಂದೀಬಾಯಿ ಜೋಶಿಯವರ ವೈದ್ಯಪದವಿ ಸಮಾರಂಭಕ್ಕೆಂದು ರಮಾಬಾಯಿ ಅಮೆರಿಕಕ್ಕೆ ಹೋದರು. 1887ರಲ್ಲಿ ಉಚ್ಚಕುಲದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ಆ ಗ್ರಂಥದಿಂದಲೂ ಉಪನ್ಯಾಸಗಳಿಂದಲೂ ದೊರೆತ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮುಂದೆ ಮಹರ್ಷಿ ಕರ್ವೆಯವರ ಧರ್ಮಪತ್ನಿಯಾದ ಗೋದೂಬಾಯಿ ಅದರ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. 1890ರಲ್ಲಿ ಸದನವು ಪುಣೆಗೆ ಬಂದಿತು.

ಸದನದಲ್ಲಿ ಮತಬೋಧೆ ಇರದೆಂಬುದು ಒಪ್ಪಂದ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತರು. ಕೆಲವರ ಮನಸ್ಸು ಕ್ರೈಸ್ತಮತದತ್ತ ಒಲಿಯಿತು. 1893ರಲ್ಲಿ ಪುಣೆಯ ಪತ್ರಿಕೆಗಳು ಕಟುವಾಗಿ ಟೀಕಿಸಿದವು. ರಾನಡೆ, ಭಂಡಾರಕರರಂತಹ ಹಿತೈಷಿಗಳು ಸಲಹಾಸಮಿತಿಯನ್ನು ಬಿಟ್ಟರು. ಪೋಷಕರು ಇಪ್ಪತ್ತಕ್ಕೂ ಮಿಕ್ಕ ಹುಡುಗಿಯರನ್ನು ಕರೆದೊಯ್ದರು. ನಂಬಿ ಮಕ್ಕಳನ್ನು ಕಳಿಸಿದವರ ಕಳವಳ ನಿರಾಧಾರವೆನ್ನಲಾಗದು. ತನ್ನ ದೇವರನ್ನು ಪ್ರಾರ್ಥಿಸಲು ಬಾಗಿಲು ಮುಚ್ಚಿಕೊಳ್ಳಬೇಕೇ ಎಂಬ ಆಕೆಯ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. ಈ ವಿವಾದದಲ್ಲಿ ಎರಡು ಪಕ್ಷಗಳಿಗೂ ಹೇಳುವುದಿತ್ತೆಂದು ಇಂದು ನಾವು ಸಮಾಧಾನದಿಂದ ಒಪ್ಪಬಹುದು.

ದಕ್ಕಿದ ಕ್ಷಮೆ

ಈ ಹೊರಗಿನ ಬಿರುಗಾಳಿಗೆ ಮುಂಚೆಯೇ ಒಳಗೊಂದು ಬಿರುಗಾಳಿ ಬೀಸಿಹೋಗಿತ್ತು. ದೀಕ್ಷಾಸ್ನಾನವಾಗಿ ಎಂಟು ವರ್ಷಗಳು ಕಳೆದಿದ್ದವು. ಪ್ರಾರ್ಥನೆ, ಸೇವೆ, ಸದಾಚಾರ ಯಾವುದರಲ್ಲಿಯೂ ಕೊರತೆಯಿರಲಿಲ್ಲ. ಆದರೂ ಪಾಪದ ಭಾರ ಎದೆಯಿಂದ ಇಳಿಯಲಿಲ್ಲ. ಇಂಗ್ಲೆಂಡಿನ ಹ್ಯಾಸ್ಲಮ್ ಎಂಬ ಪಾದ್ರಿಯ ಆತ್ಮಕಥೆ ಆ ಕಾಲದಲ್ಲಿ ಆಕೆಯ ಕೈಗೆ ಬಂದಿತು. ದೀಕ್ಷೆ ಹೊಂದಿ ವರ್ಷಗಳ ಕಾಲ ಗುರುವಾಗಿ ಸೇವೆ ಮಾಡಿದ ಆತನು, 1851ರಲ್ಲಿ ತನ್ನ ಚರ್ಚಿನಲ್ಲಿಯೇ ಉಪದೇಶ ಮಾಡುತ್ತಿದ್ದಾಗ, ತಾನು ಉಪದೇಶಿಸುವ ಕ್ಷಮೆಯನ್ನು ತಾನೇ ಪಡೆದಿರಲಿಲ್ಲವೆಂದು ಮನಗಂಡವನು. ಆ ಪುಸ್ತಕವನ್ನು ಓದಿದ ರಮಾಬಾಯಿ ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ತಾನು ಕ್ರೈಸ್ತಧರ್ಮವನ್ನು ಪಡೆದೆನೇ ಹೊರತು ಆ ಧರ್ಮದ ಪ್ರಾಣವಾದ ಕ್ರಿಸ್ತನನ್ನು ಪಡೆಯಲಿಲ್ಲವೆಂಬ ನಿರ್ಣಯಕ್ಕೆ ಬಂದರು. ಇದನ್ನು ಆಕೆ 1907ರಲ್ಲಿ ಬರೆದ ತಮ್ಮ ಸಾಕ್ಷ್ಯದಲ್ಲಿ ಯಾರ ಮೇಲೆಯೂ ದೋಷ ಹೊರಿಸದೆ ನಿಸ್ಸಂಕೋಚವಾಗಿ ತಿಳಿಸಿದ್ದಾರೆ.

ಇಲ್ಲಿ ಕ್ರೈಸ್ತರ ನಂಬಿಕೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಆ ನಂಬಿಕೆಯಂತೆ ಪಾಪವೆಂದರೆ ಕೆಟ್ಟ ಕೆಲಸಗಳ ಪಟ್ಟಿ ಮಾತ್ರವಲ್ಲ. ದೇವರಿಂದಲೂ ನೆರೆಯವನಿಂದಲೂ ಮುಖ ತಿರುಗಿಸಿದ ಮನಸ್ಸಿನ ಸ್ಥಿತಿ. ತಪ್ಪಿತಸ್ಥನೆಂಬ ಅರಿವು ಆ ಸ್ಥಿತಿಯನ್ನು ತೋರಿಸುವ ದೀಪ. ಆದರೆ ದೀಪವು ಕಸವನ್ನು ತೋರಿಸಬಲ್ಲುದೇ ಹೊರತು ಗುಡಿಸಲಾರದು. ತನ್ನ ಕೊಳೆಯನ್ನು ಕಂಡವನು ಅದನ್ನು ತಾನೇ ತೊಳೆದುಕೊಂಡು ಆಮೇಲೆ ದೇವರ ಬಳಿಗೆ ಹೋಗುವೆನೆಂದರೆ ಆ ದಿನ ಬರುವುದಿಲ್ಲ. ಶಿಲುಬೆಯ ಮೇಲೆ ಕ್ರಿಸ್ತನು ಆ ಸಾಲವನ್ನು ತೀರಿಸಿದ್ದಾನೆ. ಸಾಲಗಾರನು ಅದನ್ನು ಒಪ್ಪಿಕೊಂಡು ಕೈಚಾಚುವುದಷ್ಟೇ ಉಳಿದಿದೆ. ಪಶ್ಚಾತ್ತಾಪವೆಂಬುದು ಕ್ಷಮೆಗೆ ತೆರುವ ಬೆಲೆಯಾಗದೆ, ಅದನ್ನು ಪಡೆಯಲು ಬಿಚ್ಚಿದ ಕೈಯಾಗುತ್ತದೆ. ಒಳ್ಳೆಯ ನಡತೆ ಕ್ಷಮೆಯ ಹಿಂದೆ ಬರುತ್ತದೆ, ಮರಕ್ಕೆ ಹಣ್ಣು ಬರುವಂತೆ. ಕ್ಷಮಿಸಲ್ಪಟ್ಟವನು ಅನ್ಯರನ್ನು ಕ್ಷಮಿಸಲೇಬೇಕೆಂಬುದೂ ಯೇಸು ಕಲಿಸಿದ ಪ್ರಾರ್ಥನೆಯಲ್ಲಿಯೇ ಇದೆ.

ಮಗಳಾಗಿ ರಮಾಬಾಯಿ ಕಂಡ ಪುಣ್ಯದ ಲೆಕ್ಕ ತಂದೆಯ ಮನೆಯನ್ನು ಬರಿದುಮಾಡಿತ್ತು. ಕ್ರೈಸ್ತಳಾದ ಮೇಲೆಯೂ ಆಕೆ ತನಗರಿವಿಲ್ಲದೆ ಅದೇ ಲೆಕ್ಕವನ್ನು ಹೊಸ ಪುಸ್ತಕದಲ್ಲಿ ಬರೆಯುತ್ತಿದ್ದರೆಂದು ಹೇಳಬಹುದು. ಎಂಟು ವರ್ಷಗಳ ತರುವಾಯ ಆ ಪುಸ್ತಕವನ್ನು ಮುಚ್ಚಿ, ಬರಿಗೈಯಲ್ಲಿ ನಿಂತು ಬೇಡಿದಾಗ ಶಾಂತಿ ದೊರಕಿತು. ರಾಯಚೂರಿನ ಬಾಗಿಲಲ್ಲಿ ಬಾಯಿ ತೆರೆಯಲಾರದೆ ನಿಂತ ಹುಡುಗಿಗೆ ಮನೆಯಾಕೆ ತಾನಾಗಿಯೇ ರೊಟ್ಟಿ ಕೊಟ್ಟಳಲ್ಲವೇ? ಕೃಪೆಯೆಂಬ ಮಾತಿಗೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ತೋರದು.

ನಮ್ಮ ಸೀಮೆಯವರಿಗೆ ಈ ಭಾವ ತೀರ ಹೊಸದಲ್ಲ. ಗದ್ವಾಲ ಸೀಮೆಯ ಉತ್ತನೂರಿನೊಡನೆ ಹೆಸರು ಕೂಡಿಕೊಂಡ ಗೋಪಾಲದಾಸರನ್ನೂ ಮಾನವಿಯ ಜಗನ್ನಾಥದಾಸರನ್ನೂ ಬಲ್ಲವರು ನಾವು. ವಿದ್ಯಾಮದದಿಂದ ವಿಜಯದಾಸರನ್ನು ಅವಹೇಳನ ಮಾಡಿ ಉದರವ್ಯಾಧಿಯಿಂದ ನರಳಿದ ಪಂಡಿತನು, ತಪ್ಪನ್ನು ಒಪ್ಪಿಕೊಂಡು ಶರಣಾಗಿ, ಗೋಪಾಲದಾಸರಿಂದ ಆಯುಸ್ಸನ್ನೇ ದಾನವಾಗಿ ಪಡೆದು ಜಗನ್ನಾಥದಾಸರಾದರೆಂಬ ಐತಿಹ್ಯ ನಮ್ಮ ಮನೆಗಳಲ್ಲಿ ಹೇಳುವ ಕಥೆ. ಒಬ್ಬರು ತಮ್ಮ ಬಾಳಿನ ಪಾಲನ್ನು ಕೊಟ್ಟು ಇನ್ನೊಬ್ಬ ತಪ್ಪಿತಸ್ಥನನ್ನು ಬದುಕಿಸುವ ಆ ಕಥೆಯನ್ನು ಕೇಳಿ ಬೆಳೆದವರಿಗೆ, ಶಿಲುಬೆಯನ್ನು ಕುರಿತು ಕ್ರೈಸ್ತರು ನಂಬುವುದೇನೆಂಬುದು ಅರ್ಥವಾಗದಿರಲಾರದು. ಮತಗಳು ಬೇರೆಯಾದರೂ ಬಾಗಿದ ತಲೆಯ ನೋವು ಒಂದೇ.

ಕೇಡಗಾಂವಿಯ ಕೃಪಾ ಸದನ

ಒಳಗೆ ದೊರೆತ ಕ್ಷಮೆ ಹೊರಗೆ ಏನಾಗಿ ಫಲಿಸಿತು? 1896-97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಕ್ಷಾಮ ಬಂದಾಗ ರಮಾಬಾಯಿಯವರಿಗೆ ತಮ್ಮ ಹರೆಯದ ಹಸಿವು ನೆನಪಾಯಿತು. ಅದನ್ನು ಬರೆದು ಪ್ರಕಟಿಸಿದರು. ತಾವೇ ಕ್ಷಾಮದ ಸೀಮೆಗೆ ಹೋಗಿ, ಅನಾಥರಾಗಿ ದುಷ್ಟರ ಕೈಗೆ ಬೀಳಲಿದ್ದ ಬಾಲವಿಧವೆಯರನ್ನೂ ಹುಡುಗಿಯರನ್ನೂ ಹುಡುಕಿ ತಂದರು. ಹಾಗೆ ಸುಮಾರು ಮುನ್ನೂರು ಜನ ಬಂದರು. ಪುಣೆಯಲ್ಲಿ ಪ್ಲೇಗಿನ ಕಾರಣದಿಂದ ಅವರನ್ನು ಇರಿಸಿಕೊಳ್ಳಲು ಅನುಮತಿ ಸಿಗಲಿಲ್ಲ. ಪುಣೆಗೂ ದೌಂಡಿಗೂ ನಡುವಿನ ಕೇಡಗಾಂವಿಯಲ್ಲಿ ಕೊಂಡಿದ್ದ ಹೊಲಕ್ಕೆ ಅವರನ್ನು ಕರೆದೊಯ್ದರು. ಆ ಹೊಲವೇ ಮುಕ್ತಿ ಎಂಬ ಹೆಸರಿನ ಊರಾಯಿತು. 1900ರ ಗುಜರಾತಿನ ಕ್ಷಾಮದ ತರುವಾಯ ನಿವಾಸಿಗಳ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ಬಾವಿ ತೋಡುವುದು, ಬೇಸಾಯ, ನೇಯ್ಗೆ, ಎಣ್ಣೆಗಾಣ, ಮುದ್ರಣ, ಎಲ್ಲವನ್ನೂ ಸ್ತ್ರೀಯರೇ ಕಲಿತು ನಡೆಸಿದರು. ಮನೋರಮಾಬಾಯಿ ಕುರುಡರಿಗೆ ಬ್ರೈಲ್ ಲಿಪಿಯಲ್ಲಿ ಓದುವುದನ್ನು ಕಲಿಸಿದರು.

ಅಲ್ಲಿಯೇ ಆಕೆ ಕೃಪಾ ಸದನವೆಂಬ ಪ್ರತ್ಯೇಕ ಗೃಹವನ್ನು ತೆರೆದರು. ದಾರಿತಪ್ಪಿದವರೆಂದು ತೌರೂ ಅತ್ತೆಮನೆಯೂ ಹೊರದೂಡಿದ ಹೆಂಗಸರಿಗಾಗಿ ಅದು ಮೀಸಲಾಗಿತ್ತು. ಶಾರದಾ ಸದನಕ್ಕೆ ನಾಡಿನಲ್ಲಿ ಹಿತೈಷಿಗಳಿದ್ದರು. ಕೃಪಾ ಸದನದಲ್ಲಿ ಸೇವೆ ಮಾಡಲು ಗಟ್ಟಿಮನಸ್ಸು ಬೇಕಾಗಿತ್ತು. ರೋಗಿಗಳು, ಮನಸ್ಸು ಮುರಿದವರು, ಹಳೆಯ ಚಾಳಿಗೆ ಮರಳುವವರು, ಎಲ್ಲರೂ ಅಲ್ಲಿದ್ದರು. ಫುಲಮ್ಮಿನಲ್ಲಿ ಬಿತ್ತಿದ ಬೀಜ ಭೀಮೆಯ ಬಯಲಿನಲ್ಲಿ ಹೀಗೆ ಮೊಳೆಯಿತು. ತನಗೆ ಬೆಲೆಯಿಲ್ಲದೆ ದೊರಕಿದ ಕ್ಷಮೆಯನ್ನು ಆಕೆ ಬೆಲೆ ಕೇಳದೆ ಹಂಚಿದರು.

1905ರ ಜೂನ್ ತಿಂಗಳ ಕೊನೆಯಲ್ಲಿ ಮುಕ್ತಿಯಲ್ಲಿ ಒಂದು ಭಕ್ತಿಯ ಪ್ರವಾಹವೇ ಉಕ್ಕಿತು. ನೂರಾರು ಹುಡುಗಿಯರು ತಮ್ಮ ತಮ್ಮ ತಪ್ಪುಗಳನ್ನು ಬಹಿರಂಗವಾಗಿ ಒಪ್ಪಿಕೊಂಡು ಗೋಳಾಡಿ ಅತ್ತರು. ಅತ್ತ ಮೇಲೆ ಹಗುರಾಗಿ ಹಾಡಿದರು. ಇದು ಅತಿಯಾದ ಭಾವೋದ್ರೇಕವೆಂದು ಹಳಿದವರು ಕ್ರೈಸ್ತರಲ್ಲಿಯೂ ಇದ್ದರು. ಕ್ಷಾಮ, ಅಗಲಿಕೆ, ಅವಮಾನಗಳನ್ನು ಎದೆಯಲ್ಲಿ ಹೂತಿಟ್ಟುಕೊಂಡು ಬಂದ ಆ ಮಕ್ಕಳಿಗೆ ಅಳಲು ಒಂದು ಸ್ಥಳ ದೊರಕಿತೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಕೊನೆಯ ದಿನಗಳು

ಸಾಮಾನ್ಯ ಹೆಂಗಸರಿಗೆ ತಿಳಿಯುವ ಸುಲಭವಾದ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ರಮಾಬಾಯಿ ಇಳಿವಯಸ್ಸಿನಲ್ಲಿ ಹೀಬ್ರೂ ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ ಸಮಗ್ರ ಗ್ರಂಥವನ್ನು ಅನುವಾದಿಸಿದರು. ಅಕ್ಷರ ಜೋಡಿಸಿದವರೂ ಅಚ್ಚು ಹಾಕಿದವರೂ ಮುಕ್ತಿಯ ಸ್ತ್ರೀಯರೇ. 1912ರ ಸುಮಾರಿಗೆ ನಿಜಾಮರ ಸೀಮೆಯ ಗುಲಬರ್ಗೆಯಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ತಾಯಿ ಮಗಳು ಸೇರಿ ಶಾಲೆಯೊಂದನ್ನು ಸ್ಥಾಪಿಸಿದರು. ಮನೋರಮಾಬಾಯಿ ಅದರ ಮುಖ್ಯಾಧ್ಯಾಪಿಕೆಯಾದರು. ಹೀಗೆ ತಾಯಿಯನ್ನು ಕಳೆದುಕೊಂಡಿದ್ದ ನಿಜಾಮರ ಸೀಮೆಗೆ ಆ ಕುಟುಂಬದ ಕೈ ಒಮ್ಮೆ ಕೊಡುವ ಕೈಯಾಗಿ ಮರಳಿ ಬಂದಿತು. 1921ರ ಜುಲೈ ತಿಂಗಳಲ್ಲಿ ಮನೋರಮಾಬಾಯಿ ತೀರಿಕೊಂಡರು. ಏಕಮಾತ್ರ ಪುತ್ರಿಯ ವಿಯೋಗವನ್ನು ಸಹಿಸಿ, ಅನುವಾದದ ಕ���ಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಮುಚ್ಚಿದರು. ಕೇಡಗಾಂವಿಯ ಸಂಸ್ಥೆ ಇಂದಿಗೂ ನಡೆಯುತ್ತಿದೆ. 1989ರಲ್ಲಿ ಭಾರತ ಸರ್ಕಾರವು ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ನಮ್ಮ ಕೃಷ್ಣಾ ನಿಲ್ದಾಣದಲ್ಲಿ ಮುಂಬಯಿಯ ಕಡೆಗೆ ಹೋಗುವ ಗಾಡಿಯನ್ನು ಹತ್ತಿದವರು ಕಲಬುರಗಿ, ಸೊಲ್ಲಾಪುರಗಳನ್ನು ದಾಟಿ ಪುಣೆಯನ್ನು ಮುಟ್ಟುವ ಮೊದಲು ಕೇಡಗಾಂವಿಯನ್ನು ಹಾಯುತ್ತಾರೆ. ಅದೇ ಹಳಿಯ ಇತ್ತ ತುದಿಗೆ, ಹೊಳೆಯ ಸೇತುವೆಯಾಚೆ, ರಾಯಚೂರು. ಒಂದು ತುದಿಯಲ್ಲಿ ಬೇಡಲು ನಾಲಗೆ ಏಳದೆ ನಿಂತ ಹುಡುಗಿ. ಮತ್ತೊಂದು ತುದಿಯಲ್ಲಿ ಬೇಡಲೂ ಯೋಗ್ಯತೆಯಿಲ್ಲವೆಂದು ಲೋಕ ತಳ್ಳಿದವರಿಗೆ ಬಾಗಿಲು ತೆರೆದ ತಾಯಿ. ಎರಡರ ನಡುವಿನ ದಾರಿಯೇ ಪಂಡಿತಾ ರಮಾಬಾಯಿಯವರ ಜೀವನ.

ಗಡಿನಾಡಿನ ಮನೆಗಳಲ್ಲಿ ಮಾತು, ಮತ, ಜಾತಿಗಳು ಹತ್ತಿರ ಹತ್ತಿರ ಬಾಳುತ್ತವೆ. ಹತ್ತಿರವಿರುವವರಲ್ಲಿಯೇ ತಪ್ಪುಗಳಾಗುವುದೂ ಹೆಚ್ಚು. ಓಡಿಹೋದ ಮಗ, ಮನೆಯವರ ಮಾತು ಮೀರಿ ಮದುವೆಯಾದ ಮಗಳು, ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಯಾವ ಓಣಿಯಲ್ಲಿಲ್ಲ? ತಪ್ಪನ್ನು ತಪ್ಪೆಂದು ಹೇಳುವ ಧೈರ್ಯವನ್ನೂ, ಹೇಳಿದ ಮೇಲೆ ಬಾಗಿಲನ್ನು ತೆರೆದಿಡುವ ದೊಡ್ಡ ಮನಸ್ಸನ್ನೂ ಒಟ್ಟಿಗೆ ಸಾಧಿಸುವುದು ಕಷ್ಟ. ಕಷ್ಟವಾದುದರಿಂದಲೇ ಅದನ್ನು ಸಾಧಿಸಿದವರ ಚರಿತ್ರೆಯನ್ನು ಮಕ್ಕಳಿಗೆ ಓದಿ ಹೇಳಬೇಕು. ಈ ಸಂಚಿಕೆ ತಲುಪುವ ಯಾವುದಾದರೂ ಒಂದು ಮನೆಯಲ್ಲಿ ಮುಚ್ಚಿದ ಬಾಗಿಲೊಂದು ತೆರೆದರೆ, ಗಂಗಾಮೂಲದಿಂದ ನಮ್ಮೆಡೆಗೆ ಹರಿದು ಬಂದ ನೀರು ಸಾರ್ಥಕವಾದಂತೆಯೇ ಸರಿ.